ಅಣ್ಣನ ಅಳತೆಯ ಕೋಟು

ಚಳಿಗಾಲ ಬಂತೆಂದರೆ ನಮ್ಮ ಅಂಗಡಿಯಲ್ಲಿ ಒಂದಲ್ಲ ಒಂದು ಫಜೀತಿ ಆಗಲೇಬೇಕು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ನಮ್ಮದು ಗಂಭೀರವಾದ ಅಂಗಡಿ. ಅಂಗಿ, ಪಾಯಿಜಮ, ದಿಂಬಿನ ಗಲೀಫು ಹೊಲಿಯುತ್ತ ಕೂತರೆ ನಗುವಂಥದ್ದು ಏನೂ ಘಟಿಸುತ್ತಿರಲಿಲ್ಲ. ದೀಪಾವಳಿ ದಾಟಿ ಉಣ್ಣೆಯ ಬಟ್ಟೆಗೆ ಕತ್ತರಿ ಹಾಕಿದೆವೋ ಇಲ್ಲವೋ, ಮೂರು ಊರಿನ ಫಜೀತಿಗಳೆಲ್ಲ ನಮ್ಮ ಹೊಸ್ತಿಲು ಹುಡುಕಿಕೊಂಡು ಬರುತ್ತಿದ್ದವು. ಕೇಳಿದವರು ನಗುತ್ತಾರೆ. ಹೇಳುವಾಗ ನಾನೂ ನಗುತ್ತೇನೆ. ಹೇಳಿ ಮುಗಿಸಿದ ಮೇಲೆ ಮಾತ್ರ ಎದ್ದು ಮಶಿನ್ನಿಗೆ ಎಣ್ಣೆ ಬಿಡಲು ಹೋಗುತ್ತೇನೆ.

ಗೋಕಾಕದ ಪೇಟೆಯಲ್ಲಿ ನಮ್ಮದು ಎರಡು ಮಶಿನ್ನಿನ ಅಂಗಡಿ. ಒಂದರ ಮುಂದೆ ಅಣ್ಣ, ಇನ್ನೊಂದರ ಮುಂದೆ ನಾನು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ತೆರೆದದ್ದು. ಅಪ್ಪ, ಅವ್ವ ಬೇಗ ಹೋದದ್ದರಿಂದ ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಮೂಗು ಒರೆಸಿಕೊಳ್ಳುವ ತನಕ ನನಗೆ ಎಲ್ಲವನ್ನೂ ಕಲಿಸಿದವನು ಅಣ್ಣ. ಕೋಟು ಹೊಲಿಯುವುದರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವನದೇ ಹೆಸರು. ಊರವರ ಮೈಯನ್ನೆಲ್ಲ ಬೆಚ್ಚಗಿಟ್ಟವನ ಎದೆಯಲ್ಲಿ ಮಾತ್ರ ದಮ್ಮು. ಥಂಡಿ ಬಿತ್ತೆಂದರೆ ಉಸಿರು ಸಿಳ್ಳೆ ಹಾಕುತ್ತಿತ್ತು. ದಮ್ಮಿನವನೆಂದು ಯಾರೂ ಹೆಣ್ಣು ಕೊಡಲಿಲ್ಲ, ಹಾಗೇ ಉಳಿದುಬಿಟ್ಟ.

ಒಂದು ವರ್ಷ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ನಿಮ್ಮ ಅಣ್ಣನ ಎದಿ ಬೆಚ್ಚಗ ಇಡ್ರಿ. ಒಂದು ಉಣ್ಣಿ ಕೋಟು ಹೊಲಿಸಿ ಕೊಡ್ರಿ. ಇಲ್ಲಾಂದ್ರ ಯಾವದರ ಒಂದು ಥಂಡ್ಯಾಗ ಆಂವ ನನ್ನ ಕೈಯಾಗ ಉಳಿಯೂದಿಲ್ಲ."

ಸಿಂಪಿಗರಿಗೆ ಕೋಟು ಹೊಲಿಸಿ ಕೊಡಿ ಎಂದು ಹೇಳುವ ಪ್ರಸಂಗ ಬಂತಲ್ಲ ಎಂದು ನನಗೆ ನಾಚಿಕೆಯಾಯಿತು. ಅಂದಿನಿಂದ ಪ್ರತಿ ಕಾರ್ತೀಕದಲ್ಲಿ ಅಣ್ಣನಿಗೊಂದು ಕೋಟು ಕತ್ತರಿಸುವುದು ನನ್ನ ವ್ರತ. ಅದು ಅವನ ಮೈ ಹತ್ತದಂತೆ ನೋಡಿಕೊಳ್ಳುವುದು ದೇವರ ವ್ರತ. ದೇವರು ನನಗಿಂತ ನಿಷ್ಠೆಯವನು.

೧. ಹನ್ನೊಂದು ಲಗ್ನ

ಮೊದಲನೆಯ ಕೋಟು ಕರಿನೀಲಿ ಬಣ್ಣದ್ದು. ಗುಂಡಿ ಹಚ್ಚುವುದೊಂದೇ ಬಾಕಿ ಇತ್ತು. ಆವತ್ತೇ ಮೂಡಲಗಿ ಕಡೆಯ ರೈತರೊಬ್ಬರು ಏದುಸಿರು ಬಿಡುತ್ತ ಅಂಗಡಿಗೆ ಬಂದರು. ಮರುದಿನ ಮುಂಜಾನೆ ಅವರ ಮಗನ ಲಗ್ನದ ಅಕ್ಕಿಕಾಳು. ಬೇರೆ ಯಾರಿಗೋ ಹೊಲಿಯಲು ಕೊಟ್ಟ ಕೋಟು ಆಗಿರಲಿಲ್ಲ. ಅಂಥ ಥಂಡಿಯಲ್ಲಿ ಮದುಮಗ ಬರಿ ಅಂಗಿಯಲ್ಲಿ ನಡುಗುತ್ತ ನಿಂತರೆ ಬೀಗರು ಹುಡುಗನಿಗೆ ಚಳಿಜ್ವರವೆಂದು ತಿಳಿಯುತ್ತಾರೆ, ಅದು ಅವರ ಚಿಂತೆ.

"ಒಂದು ದಿವಸದ ಮಾತಲಾ," ಅಂದ ಅಣ್ಣ. "ಒಯ್ರಿ. ಲಗ್ನ ಆದಮ್ಯಾಗ ತಂದು ಕೊಡ್ರಿ."

ಲಗ್ನವಾಯಿತು. ಕೋಟು ಬರಲಿಲ್ಲ. ಮದುಮಗನ ಕಾಕಾನ ಮಗನದು ನಿಶ್ಚಯವಾಗಿತ್ತಂತೆ, ಅವನೂ ಅದನ್ನೇ ಹಾಕಿಕೊಂಡ. ವರ್ಷ ತುಂಬುವುದರೊಳಗೆ ಮೊದಲನೆಯವನಿಗೆ ಗಂಡುಮಗು ಹುಟ್ಟಿತು. ಅಲ್ಲಿಂದ ಮುಂದೆ ಆ ಕೋಟು ನಮ್ಮ ಕೈಗೆ ಸಿಗುವ ಆಸೆಯನ್ನು ನಾನು ಬಿಟ್ಟೆ. ಅದರ ಗುಣ ಚೆನ್ನಾಗಿದೆ ಎಂದು ಸುತ್ತಿನ ಹಳ್ಳಿಯಲ್ಲೆಲ್ಲ ಸುದ್ದಿಯಾಗಿ, ಮದುಮಕ್ಕಳು ಪಾಳಿ ಹಚ್ಚಿದರು.

ಕೋಟು ನಮ್ಮಲ್ಲಿಗೆ ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಒಬ್ಬ ಮದುಮಗ ದಪ್ಪ, ಇನ್ನೊಬ್ಬ ತೆಳ್ಳಗೆ. ಸಡಿಲು ಮಾಡಲು, ಬಿಗಿ ಮಾಡಲು ಅಣ್ಣನ ಮುಂದೆಯೇ ತಂದು ಇಡುತ್ತಿದ್ದರು. ಅಣ್ಣ ಕೆಮ್ಮುತ್ತ ಹೊಲಿಗೆ ಬಿಚ್ಚುತ್ತಿದ್ದ.

ಒಂದು ದಿನ ನನಗೆ ತಡೆಯಲಿಲ್ಲ. "ಅಣ್ಣಾ, ಇದು ನಿನ್ನ ಕೋಟು," ಅಂದೆ.

"ಹೌದಲಾ. ಅದಕ್ಕ ನಾನ ಮಾಡಾಕತ್ತೇನಿ. ಬ್ಯಾರೆಯವ್ರು ಕೆಡಿಸ್ತಾರ," ಅಂದ.

ಹನ್ನೊಂದನೆಯ ಲಗ್ನಕ್ಕೆ ಒಳಪದರದ ಅಸ್ತರ ಹರಿದಿತ್ತು. ತಂದ ಮುದುಕ ಕೋಟಿಗೆ ಕೈಮುಗಿದೇ ಅಣ್ಣನ ಕೈಗೆ ಕೊಟ್ಟ. "ಭಾಳ ಛಲೋ ಗುಣದ ಕೋಟ್ರಿ ಇದು. ಹಾಕ್ಕೊಂಡಾಂವಗ ಹೇಣ್ತಿ, ಮಕ್ಕಳು, ಹೊಲಾ, ಮನಿ ಎಲ್ಲಾ ಕೂಡಿ ಬರತಾವು. ಇದನ್ನ ಮೊದಲ ಯಾರ ಸಲುವಾಗಿ ಹೊಲದಿದ್ರಿ?"

ಅಣ್ಣ ಸೂಜಿಯಿಂದ ಕಣ್ಣೆತ್ತಲಿಲ್ಲ. "ಹಾಕ್ಕೊಳ್ಳದಾಂವನ ಸಲುವಾಗಿ," ಅಂದ.

೨. ಮುಂದಿನ ಅರ್ಧ

ಯಮಕನಮರಡಿಯ ಲಾರಿ ಡ್ರೈವರೊಬ್ಬ ಇದ್ದ. ಬುದ್ಧಿವಂತ. ಬುದ್ಧಿವಂತರಿಂದ ಸಿಂಪಿಗರಿಗೆ ಆಗುವ ತ್ರಾಸು ದಡ್ಡರಿಂದ ಆಗುವುದಿಲ್ಲ.

"ನನಗ ಥಂಡಿ ಬರೇ ಮುಂದಿಂದ ಹೊಡಿತೈತ್ರಿ," ಅಂದ. "ಹಿಂದ ಸೀಟ ಐತಿ. ಬೆನ್ನಿಗೆ ಉಣ್ಣಿ ಹಾಕೂದು ದಂಡ. ಮುಂದಿನ ಅರ್ಧಕ್ಕಷ್ಟ ಉಣ್ಣಿ ಹಾಕ್ರಿ, ಹಿಂದ ಯಾವದರ ಹಳೇ ಅರಿವಿ ಹಚ್ಚಿ ಕೊಡ್ರಿ."

ಆ ಹೊತ್ತಿಗೆ ಅಂಗಡಿಯಲ್ಲಿದ್ದ ದಪ್ಪ ಉಣ್ಣೆ ಎಂದರೆ ಅಣ್ಣನಿಗೆಂದು ನಾನು ಎತ್ತಿಟ್ಟಿದ್ದ ತುಂಡು ಒಂದೇ. ನಾನು ಊಟಕ್ಕೆ ಹೋಗಿ ಬರುವುದರೊಳಗೆ ಅಣ್ಣ ಅದನ್ನು ಕತ್ತರಿಸಿ ಡ್ರೈವರನ ಎದೆಗೆ ಹಚ್ಚಿಬಿಟ್ಟಿದ್ದ. ಉಳಿದ ಅರ್ಧದಲ್ಲಿ ನಾನು ಹಲ್ಲು ಕಡಿಯುತ್ತ ಅಣ್ಣನ ಕೋಟು ಮುಗಿಸಿದೆ. ಸಾಲಿದ್ದು ಬೆನ್ನಿಗೆ ಮಾತ್ರ. ಮುಂದೆ ತೆಳು ಕೋರಾ ಬಟ್ಟೆ. ಎದೆ ಬೆಚ್ಚಗಿಡಿ ಎಂದು ಡಾಕ್ಟರು ಹೇಳಿದವನಿಗೆ ನಾನು ಬೆನ್ನು ಬೆಚ್ಚಗೆ ಮಾಡಿ ಕೊಟ್ಟೆ.

ಹದಿನೈದು ದಿನಕ್ಕೆ ಡ್ರೈವರ್ ಬಂದ, ನಡು ಬಾಗಿಸಿಕೊಂಡು. ಘಾಟಿನಲ್ಲಿ ಲಾರಿಯ ಗಾಲಿ ಪಂಕ್ಚರಾಗಿತ್ತಂತೆ. ಜಾಕು ಹಚ್ಚಲು ಬಗ್ಗಿದಾಗ ಗಾಳಿ ಹಿಂದಿನಿಂದ ಹೊಡೆದು ಬೆನ್ನು ಹಿಡಿದುಕೊಂಡಿತ್ತು.

ಅವನು ಅಣ್ಣನ ಮೈಮೇಲಿದ್ದ ಕೋಟನ್ನು ಮುಂದಿನಿಂದ ನೋಡಿದ, ಸುತ್ತು ಹಾಕಿ ಹಿಂದಿನಿಂದ ನೋಡಿದ. ಆಮೇಲೆ ಬಾಗಿದ ನಡುವಿನಲ್ಲೇ ಹೇಳಿದ: "ನೀವು ಬಂದು ಲಾರ್‍ಯಾಗ ನನ್ನ ಬೆನ್ನಿಗೆ ಬೆನ್ನ ಹಚ್ಚಿ ಕುಂದರ್ರಿ. ಇಬ್ಬರೂ ಕೂಡಿ ಒಂದು ಕೋಟ ಆಕ್ಕೇವಿ."

ಅಣ್ಣ ಕೂರಲು ಹೋಗಲಿಲ್ಲ. ತನ್ನ ಬೆನ್ನಿನ ಉಣ್ಣೆಯನ್ನೂ ಬಿಚ್ಚಿ ಅವನಿಗೇ ಹಚ್ಚಿ ಕಳಿಸಿದ. ಆ ವರ್ಷ ಅಣ್ಣ ಮಾಘದ ತುಂಬ ಮಲಗಿದ.

೩. ಪಾಳಿಯಲ್ಲಿ ನಿಂತವರು

ಕೋಟು ಒಯ್ಯುವವರಿಗೆಲ್ಲ ಅಣ್ಣ ಒಂದು ಪಾಠ ಹೇಳುತ್ತಿದ್ದ. "ತೊಳೀಬ್ಯಾಡ್ರಿ. ಝಾಡಿಸಿ ನೆರಳಾಗ ಹಾಕ್ರಿ. ಮಡಿಚಿ ಇಡೂಮುಂದ ನಡುವ ಒಣಾ ಬೇವಿನ ತಪ್ಪಲಾ ಹಾಕ್ರಿ. ಮತ್ತೇನೂ ಮಾಡಬ್ಯಾಡ್ರಿ." ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು. ಮನೆಗೆ ಹೋಗಿ ಮತ್ತೇನನ್ನೋ ಮಾಡುತ್ತಿದ್ದರು.

ಹುಕ್ಕೇರಿಯ ಕಾರಕೂನರೊಬ್ಬರು ನಮ್ಮಲ್ಲಿ ಹೊಲಿಸಿದ ಕೋಟನ್ನು ಎರಡು ಚಳಿಗಾಲ ಅಣ್ಣ ಹೇಳಿದ ಹಾಗೆಯೇ ಜೋಪಾನ ಮಾಡಿದ್ದರು. ಮೂರನೆಯ ವರ್ಷ ಅದು ಸ್ವಲ್ಪ ಜೋತುಬಿದ್ದಿತು. ಅವರ ಹೆಂಡತಿಯ ತವರಿನಲ್ಲಿ ತಲೆತಲಾಂತರದಿಂದ ಕಂಬಳಿ ನೇಯುತ್ತಾರೆ. ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸುವುದನ್ನು ಆಕೆ ಹುಟ್ಟಿದಾಗಿನಿಂದ ಕಂಡವಳು. ಕುರಿಯ ಉಣ್ಣೆ ಕಂಬಳಿಯಲ್ಲಿದ್ದರೇನು, ಕೋಟಿನಲ್ಲಿದ್ದರೇನು? ಒಂದು ಹಂಡೆ ಗಂಜಿ ಕಾಸಿ, ಗಂಡ ಕಚೇರಿಗೆ ಹೋದಾಗ ಕೋಟನ್ನು ಅದರಲ್ಲಿ ಅದ್ದಿ ತೆಗೆದು ಬಿಸಿಲಿಗೆ ಹರವಿದಳು. ಪಾಪ, ಗಂಡನ ಮೇಲಿನ ಪ್ರೀತಿಯಿಂದ ಎರಡು ಸಲ ಅದ್ದಿದಳಂತೆ.

ಕಾರಕೂನರು ಅದನ್ನು ಬಸ್ಸಿನಲ್ಲಿ ತಂದರು. ಮಡಚಲು ಬರುತ್ತಿರಲಿಲ್ಲ. ಕಿಟಕಿಯ ಬಾಜೂ ಕೂಡಿಸೋಣವೆಂದರೆ ಕೂಡಲೂ ಒಲ್ಲದು. ಗೋಕಾಕದ ತನಕ ಅದನ್ನು ಅಪ್ಪಿಕೊಂಡೇ ನಿಂತು ಬಂದರು. ನಮ್ಮ ಅಂಗಡಿಯಲ್ಲಿ ಕೈಬಿಟ್ಟರು. ಕೋಟು ನೆಲದ ಮೇಲೆ ತನ್ನಷ್ಟಕ್ಕೆ ತಾನು ನಿಂತಿತು.

"ನಾಳೆ ಹೊಸ ಸಾಹೇಬರು ಬರಾವ್ರು ಅದಾರ್ರಿ," ಅಂದರು ಕಾರಕೂನರು, ಅಳುವುದೊಂದು ಬಾಕಿ. "ಕೋಟ ಇಲ್ಲದ ಎದುರಿಗೆ ಹ್ಯಾಂಗ ನಿಲ್ಲಲಿ?"

ನೀರಿಗೆ ಹಾಕಿದರೆ ಕೋಟು ಕುಗ್ಗುತ್ತದೆ, ಹಾಕದಿದ್ದರೆ ಬಾಗುವುದಿಲ್ಲ. ನಾನು ಮೂಲೆಯ ಗೂಟದ ಮುಂದೆ ಅಡ್ಡ ನಿಂತೆ, ಅಣ್ಣನ ಆ ವರ್ಷದ ಕೋಟು ಅಲ್ಲಿತ್ತು. ಅಣ್ಣ ನನ್ನ ಕಂಕುಳ ಕೆಳಗೆ ಕೈ ಹಾಕಿ ಅದನ್ನು ತೆಗೆದುಕೊಂಡು ಕಾರಕೂನರಿಗೆ ತೊಡಿಸಿದ. ಒಪ್ಪಿತು. ಎಲ್ಲರಿಗೂ ಒಪ್ಪುವಂತೆ ಹೊಲಿಯುತ್ತಿದ್ದುದೇ ನನ್ನ ಕರ್ಮ.

ಅವರನ್ನು ಬಸ್ಸಿಗೆ ಕಳಿಸಿ ಬಂದು, ಸಿಟ್ಟಿನಲ್ಲಿ ನಾನು ಮಶಿನ್ನು ತುಳಿಯುತ್ತ ಕೂತೆ. ಆಗ ಕಣ್ಣು ಮಂಜಾದ ಹಳೆಯ ಗಿರಾಕಿಯೊಬ್ಬರು ಒಳಗೆ ಬಂದರು. ಬಂದವರು ಬಾಗಿಲ ಹತ್ತಿರವೇ ನಿಂತರು. ಬಹಳ ಹೊತ್ತು ನಿಂತೇ ಇದ್ದರು.

"ಬರ್ರಿ ಕಾಕಾ, ಏನಾಗಬೇಕು?" ಅಂದ ಅಣ್ಣ.

ಅವರು ಗಂಜಿಕೋಟಿನ ಕಡೆ ಕೈ ತೋರಿಸಿದರು. "ನಂದೇನ ಅವಸರ ಇಲ್ಲೋ ತಮ್ಮಾ. ಮೊದಲ ಇವರದು ಮುಗಸ್ರಿ. ಪಾಪ, ನಾ ಬಂದಾಗಿಂದ ಒಂದ ಮಾತು ಆಡದ ನಿಂತಾರ."

೪. ಹೊಸ್ತಿಲ ಹೊರಗಿನ ಬೂಟು

ಕೋಟಿನಿಂದ ಆಗಲಿಲ್ಲ, ಕಾಲಿನಿಂದಲಾದರೂ ಶುರು ಮಾಡೋಣ ಎಂದುಕೊಂಡೆ. ಥಂಡಿ ಏರುವುದು ಅಂಗಾಲಿನಿಂದ ಎಂದು ಡಾಕ್ಟರೇ ಒಮ್ಮೆ ಹೇಳಿದ್ದರು. ಪಲ್ಟನ್ನಿನ ಸಿಪಾಯಿಗಳ ಹಳೆಯ ಸಾಮಾನು ಬೆಳಗಾವಿಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ಅಲ್ಲಿಂದ ಒಂದು ಜೊತೆ ಬೂಟು ತಂದೆ. ಮೊಣಕಾಲಿನ ಅರ್ಧಕ್ಕೆ ಬರುವಂಥವು, ಅಡಿಯಲ್ಲಿ ಕಬ್ಬಿಣದ ಮೊಳೆ. ಔಡಲ ಎಣ್ಣೆ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದೆ.

ಅಣ್ಣ ನನ್ನ ಸಮಾಧಾನಕ್ಕೆ ಹಾಕಿಕೊಂಡ. ಹಾಕಿಕೊಂಡು ಮಶಿನ್ನಿಗೆ ಕೂತ. ಜನ್ಮವಿಡೀ ಬರಿಗಾಲಲ್ಲಿ ತುಳಿದವನಿಗೆ ಬೂಟಿನಲ್ಲಿ ತುಳಿಯುವ ಹಲಗೆ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಮಶಿನ್ನು ಅವನನ್ನು ಬಿಟ್ಟು ಓಡಿತು. ನಿಲ್ಲಿಸುವುದರೊಳಗೆ ಒಬ್ಬ ಮಾಸ್ತರರ ಪಾಯಿಜಮದ ಕಾಲು ತುದಿಯಿಂದ ತೊಡೆಯ ತನಕ ಹೊಲಿದು ಬಂದ್ ಆಗಿತ್ತು.

"ಕೆಲಸಾ ಮುಗದ ಮ್ಯಾಲ ಹಾಕ್ಕೋತೇನಿ ತಮ್ಮಾ," ಅಂದ. ಕೆಲಸ ಮುಗಿಯುವುದು ಯಾವಾಗ? ಬೂಟು ಹೊಸ್ತಿಲ ಹೊರಗೆ, ಅಣ್ಣ ಒಳಗೆ ತಣ್ಣನೆಯ ಕಬ್ಬಿಣದ ಹಲಗೆಯ ಮೇಲೆ ಬರಿಗಾಲಲ್ಲಿ. ಹೊಸ್ತಿಲ ಹೊರಗೆ ಬಿಟ್ಟ ಪಾದರಕ್ಷೆ ನೋಡಿ ಒಳಗೆ ಯಾರಿದ್ದಾರೆಂದು ತಿಳಿಯುವುದು ನಮ್ಮ ಕಡೆಯ ರೂಢಿ. ನಾನು ಆ ವಿಚಾರವನ್ನೇ ಮರೆತಿದ್ದೆ.

ಮೊದಲ ದಿನ ಒಬ್ಬ ಗಿರಾಕಿಯೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಜನ ನಮ್ಮ ಅಂಗಡಿಯ ಎದುರಿಗೆ ಬಂದು, ಬೂಟು ನೋಡಿ, ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಮೂರನೆಯ ದಿನ ಸಂತೆ. ಸಂತೆಯ ದಿನವೂ ಅಂಗಡಿ ಖಾಲಿ. ನಾನು ಹೊರಗೆ ಬಂದು ಪಕ್ಕದ ಎಲೆ ಮಾರುವವಳನ್ನು ಕೇಳಿದೆ.

"ಯಾರ ಬರತಾರ?" ಅಂದಳು. "ಮೂರು ದಿವಸಾತು, ಪೊಲೀಸ ಫೌಜದಾರ ನಿಮ್ಮಲ್ಲೆ ಕುಂತಾನ. ನಿಮ್ಮ ಅಣ್ಣ ಏನ್ ಮಾಡ್ಯಾನಂತ ಊರಾಗ ಎಲ್ಲಾರೂ ಕೇಳಾಕತ್ತಾರ."

ನಾನು ನಕ್ಕು ಒಳಗೆ ಬರುವಷ್ಟರಲ್ಲಿ ಖರೆ ಫೌಜದಾರರೇ ರಸ್ತೆಯಲ್ಲಿ ಬಂದರು. ಬೂಟು ನೋಡಿ ಗಕ್ಕನೆ ನಿಂತರು. ಟೊಪ್ಪಿಗೆ ಸರಿ ಮಾಡಿಕೊಂಡರು, ಬೆಲ್ಟು ಬಿಗಿ ಮಾಡಿಕೊಂಡರು, ನನ್ನನ್ನು ಸನ್ನೆ ಮಾಡಿ ಕರೆದು ಕಿವಿಯಲ್ಲಿ ಕೇಳಿದರು: "ಒಳಗ ಯಾವ ಸಾಹೇಬ್ರು ಬಂದಾರ? ನನಗ ಯಾಕ ಯಾರೂ ತಿಳಿಸಲಿಲ್ಲ?"

೫. ಬಾಗಿಲ ಸಂದಿಯ ಅಳತೆ

ನನ್ನ ಹೆಂಡತಿಗೆ ನೆರೆಮನೆಗೆ ಬಂದಿದ್ದ ನರ್ಸಬಾಯಿಯೊಬ್ಬರು ಉಣ್ಣೆ ಹೆಣೆಯುವುದನ್ನು ಕಲಿಸಿದ್ದರು. ಬಾವನಿಗೆ ಒಂದು ಸ್ವೆಟರ್ ಹೆಣೆಯುತ್ತೇನೆ ಎಂದು ಹೊರಟಳು. ಕೋಟಾದರೆ ಬೇರೆಯವರು ಕೇಳುತ್ತಾರೆ, ಮನೆಯಲ್ಲಿ ಹೆಣೆದದ್ದನ್ನು ಯಾರು ಕೇಳುತ್ತಾರೆ ಎಂದು ನಾನೂ ಒಪ್ಪಿದೆ.

ತೊಡಕು ಒಂದೇ. ನಮ್ಮಲ್ಲಿ ತಮ್ಮನ ಹೆಂಡತಿ ಬಾವನ ಎದುರಿಗೆ ನಿಲ್ಲುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಒಂಬತ್ತು ವರ್ಷ ಅವಳು ಅಣ್ಣನಿಗೆ ಬಾಗಿಲ ಹಿಂದಿನಿಂದ ಬಳೆ ಸಪ್ಪಳ ಮಾಡಿ ಊಟಕ್ಕೆ ಕರೆದಿದ್ದಳು. ಅಳತೆ ತೆಗೆದುಕೊಳ್ಳುವುದು ಎಲ್ಲಿಂದ ಬಂತು? ಮನೆಯಲ್ಲಿ ಇಬ್ಬರು ಸಿಂಪಿಗರು, ನನ್ನನ್ನು ಕೇಳಿದ್ದರೆ ಅಂಗುಲ ಸಮೇತ ಹೇಳುತ್ತಿದ್ದೆ. ಅವಳು ಕೇಳಲಿಲ್ಲ. ಬಾಗಿಲ ಸಂದಿಯಿಂದ ನೋಡಿ ಕಣ್ಣಳತೆ ಮಾಡಿದಳು. ಕೊರಳಿನ ಅಳತೆಯನ್ನು ಹಗ್ಗದ ಮೇಲೆ ಒಣಹಾಕಿದ ಅಂಗಿಯಿಂದ ತೆಗೆದುಕೊಂಡಳು. ಅಂಗಿಗೆ ಗುಂಡಿ ಇರುತ್ತದೆ, ಸ್ವೆಟರಿಗೆ ಇರುವುದಿಲ್ಲ ಎಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಒಂದು ಅಂಗುಲವೂ ಹೆಚ್ಚಿಲ್ಲದೆ ಅಣ್ಣನ ಕೊರಳು ಎಷ್ಟಿತ್ತೋ ಅಷ್ಟೇ ಹೆಣೆದಳು.

ಸಂಕ್ರಾಂತಿಯ ಮುಂಜಾನೆ ಎಳ್ಳು ಬೆಲ್ಲದ ಜೊತೆಗೆ ಅದನ್ನು ಹೊಸ್ತಿಲ ಮೇಲೆ ಇಟ್ಟು ಒಳಗೆ ಸರಿದಳು. ಅಣ್ಣನಿಗೆ ಕಣ್ಣು ತುಂಬಿ ಬಂತು. ಕೂಡಲೇ ತಲೆಯ ಮೇಲಿಂದ ಎಳೆದುಕೊಂಡ. ಹಣೆಯ ತನಕ ಬಂತು. ಇನ್ನೂ ಎಳೆದ. ಮೂಗಿನ ತನಕ ಬಂತು. ಅಲ್ಲಿಗೆ ನಿಂತಿತು. ಮೇಲೂ ಹೋಗದು, ಕೆಳಗೂ ಬರದು. ಎರಡೂ ಕೈ ಮೇಲೆ, ಮುಖ ಉಣ್ಣೆಯೊಳಗೆ. ಅಣ್ಣ ನಡುಮನೆಯಲ್ಲಿ ಸುತ್ತತೊಡಗಿದ. ಒಳಗಿನಿಂದ ಸಿಳ್ಳೆ ಕೇಳಿಸುತ್ತಿತ್ತು. ನನಗೆ ನಗು, ಅದರ ಹಿಂದೆಯೇ ಜೀವಭಯ. ದಮ್ಮಿನವನ ಬಾಯಿ ಮೂಗು ಮುಚ್ಚಿ ಎಷ್ಟು ಹೊತ್ತು ಇಡಲು ಆಗುತ್ತದೆ?

ನಾನೊಬ್ಬ ಜಗ್ಗಿದರೆ ಬರಲಿಲ್ಲ. ಕೊನೆಗೆ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು, ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾವನ ಎದುರಿಗೆ ನಿಂತಳು. ಅವನ ಮುಖ ಮುಚ್ಚಿದೆಯಲ್ಲ, ಅಡ್ಡಿಯಿಲ್ಲ ಎಂದು ಆಮೇಲೆ ಹೇಳಿದಳು. ಒಂದು ತೋಳು ಹಿಡಿದು ಜಗ್ಗುತ್ತ ಚೀರಿದಳು: "ಬಾವಾರ, ಉಸಿರು ಬಿಡ್ರಿ! ಉಸಿರು ಬಿಡ್ರಿ!"

ಉಣ್ಣೆಯೊಳಗಿನಿಂದ ಅಣ್ಣನ ದನಿ ಬಂತು: "ಬಿಡತೇನಿ ತಂಗೀ, ಹೊರಗ ಹೋಗಾಕ ಅದಕ್ಕ ದಾರಿ ಎಲ್ಲೆ ಬಿಟ್ಟೀ?"

ಕತ್ತರಿಯಿಂದ ಕೊಯ್ದೇ ಹೊರಗೆ ತೆಗೆಯಬೇಕಾಯಿತು. ಅವಳು ಮೂರು ದಿನ ಅತ್ತಳು. ಅಂದಿನಿಂದ ಬಾವನ ಜೊತೆ ಮಾತಾಡಲು ಶುರು ಮಾಡಿದಳು, ಅದಷ್ಟು ಲಾಭ.

೬. ಪಾಳಿ

ಇಷ್ಟು ವರ್ಷ ಕಳೆದ ಮೇಲೆ ನನಗೆ ಒಂದು ಸಂಗತಿ ಹೊಳೆಯಿತು. ಅಣ್ಣನ ಕೋಟು ಬೇರೆಯವರ ಪಾಲಾಗುತ್ತಿದ್ದುದು ಅದು ಬೇರೆಯವರ ಮೈಗೂ ಆಗುತ್ತಿದ್ದುದರಿಂದ. ಅಣ್ಣನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಬೆನ್ನು ಮೇಲ್ಗಡೆ ಗೂನು, ಎದೆ ಒಳಕ್ಕೆ ಕುಸಿದಿತ್ತು. ಮಶಿನ್ನಿನ ಮುಂದೆ ಬಾಗಿ ಕೂತು ಕೂತು ಆದದ್ದು. ಭುಜಕ್ಕೆ ಹತ್ತಿ ತುಂಬಿ, ಎದೆಗೆ ದಪ್ಪ ಬಟ್ಟೆ ಕೊಟ್ಟು ಇದನ್ನೆಲ್ಲ ಮುಚ್ಚಿ ಹೊಲಿಯುತ್ತಿದ್ದೆ. ಸಿಂಪಿಗನ ಜಾಣತನ ಅದು. ಹಾಗಾಗಿ ಕೋಟು ನೆಟ್ಟಗಿರುತ್ತಿತ್ತು, ನೆಟ್ಟಗಿರುವ ಎಲ್ಲರಿಗೂ ಆಗುತ್ತಿತ್ತು.

ಆ ವರ್ಷ ಏನನ್ನೂ ಮುಚ್ಚಲಿಲ್ಲ. ಬೆಳಗಾವಿಗೆ ಹೋಗಿ ಸಿಕ್ಕದ್ದರಲ್ಲಿ ಅತಿ ಒಳ್ಳೆಯ ಉಣ್ಣೆ ತಂದೆ. ಅಣ್ಣ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ಮೂಸಿದ. ಕೂದಲು ಸುಟ್ಟ ವಾಸನೆ ಬಂತು. "ಖರೇ ಉಣ್ಣಿ ಐತಿ," ಅಂದ. ಇಳಿದ ಭುಜವನ್ನು ಇಳಿದಂತೆಯೇ, ಗೂನನ್ನು ಗೂನಿನಂತೆಯೇ ಕತ್ತರಿಸಿದೆ. ಗೂಟಕ್ಕೆ ಹಾಕಿದಾಗ ಅದು ಎಷ್ಟು ಸೊಟ್ಟಗಿತ್ತೆಂದರೆ ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಕೆಟ್ಟದ್ದನ್ನು ಹೊಲಿದಿರಲಿಲ್ಲ, ಅಷ್ಟು ಸಂತೋಷದಿಂದಲೂ ಹೊಲಿದಿರಲಿಲ್ಲ.

ಒಬ್ಬಿಬ್ಬರು ಗಿರಾಕಿಗಳು ಬಂದು ಆಸೆಯಿಂದ ತೊಟ್ಟು ನೋಡಿದರು. ಒಬ್ಬರಂತೂ, "ಯಾರೋ ಒಂದ ಕಡೆ ಹಿಡದು ಜಗ್ಗಿದಂಗ ಆಗತೈತ್ರಿ," ಎಂದು ತೆಗೆದು ಎಸೆದರು. ನಾನು ಮನಸ್ಸಿನಲ್ಲೇ ದೇವರಿಗೆ, ಈಗ ಏನು ಮಾಡುತ್ತೀ ನೋಡೋಣ ಅಂದೆ.

ಅಣ್ಣ ಬಾಯಲ್ಲಿ ಟಾಚಣಿ ಸೂಜಿ ಕಚ್ಚಿಕೊಂಡು ಎದ್ದ. "ಹಿಂದ ಹ್ಯಾಂಗ ಬಿದ್ದೈತಿ ನೋಡಬೇಕಲಾ. ನನ್ನ ಬೆನ್ನ ನನಗ ಕಾಣೂದಿಲ್ಲ. ನೀ ಹಾಕ್ಕೊ."

ಹಾಕಿಕೊಂಡೆ. ಅಣ್ಣ ನನ್ನ ಸುತ್ತ ಒಂದು ಸುತ್ತು ಬಂದ, ಎರಡು ಸುತ್ತು ಬಂದ. ಒಂದು ಟಾಚಣಿ ಚುಚ್ಚಲು ಜಾಗ ಸಿಗಲಿಲ್ಲ. ಭುಜ ಸರಿಯಾಗಿ ಕೂತಿತ್ತು. ಬೆನ್ನಿನಲ್ಲಿ ಒಂದು ನೆರಿಗೆ ಇಲ್ಲ. ಎದೆ ಹೇಳಿ ಮಾಡಿಸಿದಂತಿತ್ತು. ಅಣ್ಣ ಟಾಚಣಿಗಳನ್ನೆಲ್ಲ ಕೈಗೆ ಉಗುಳಿ ನಗತೊಡಗಿದ. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ.

"ತಮ್ಮಾ, ಯಾರ ಅಳತಿ ತಗೊಂಡಿದ್ದಿ?"

"ನಿಂದ ಅಣ್ಣಾ."

"ನೋಡು. ನಂದಷ್ಟ ಅಂತ ತಿಳದಿದ್ದಿ," ಅಂದ.

ನನ್ನ ಭುಜ ಯಾವಾಗ ಇಳಿಯಿತೋ ನನಗೆ ಗೊತ್ತಿರಲಿಲ್ಲ. ಅವನ ಬಾಜೂ ಮಶಿನ್ನಿಗೆ ಇಷ್ಟು ವರ್ಷ ಬಗ್ಗಿದ್ದೆ, ಅವನ ಬೆನ್ನನ್ನು ನೋಡಿ ಮರುಗುತ್ತಿದ್ದೆ. ನನ್ನ ಬೆನ್ನನ್ನು ಅವನು ನೋಡುತ್ತಿದ್ದ. ಆ ಹೊತ್ತು ನನಗೆ ಭಯವಾಯಿತು, ಇದ್ದದ್ದು ಹೇಳುತ್ತೇನೆ.

ಅಲ್ಲಿಂದ ಮೂರು ದಿನ ಜಗಳ. ನಾನು ಅವನ ಹೆಗಲಿಗೆ ಹಾಕುವುದು, ಅವನು ನನ್ನ ಹೆಗಲಿಗೆ ಹಾಕುವುದು. "ನಿನಗ ಹೇಣ್ತಿ ಮಕ್ಕಳು ಅದಾರ, ನಿನ್ನ ಎದಿ ನನ್ನಂಗ ಆಗೂದು ಬ್ಯಾಡ," ಎಂದು ಅವನು. "ನೀ ಮೊದಲ ಬದುಕು," ಎಂದು ನಾನು. ಕೊನೆಗೆ ಕಾಲುವೆಯ ನೀರಿಗೆ ರೈತರು ಪಾಳಿ ಹಚ್ಚುವ ಹಾಗೆ ಕೋಟಿಗೂ ಪಾಳಿ ಹಚ್ಚೋಣ ಎಂದು ಅಣ್ಣನೇ ನ್ಯಾಯ ಹೇಳಿದ.

"ದೀಪಾವಳಿಯಿಂದ ಯುಗಾದಿ ತನಕಾ ನಿನ್ನ ಪಾಳಿ. ಯುಗಾದಿಯಿಂದ ದೀಪಾವಳಿ ತನಕಾ ನಂದು. ನಂದ ಉದ್ದ ಐತಿ ನೋಡು, ಹಿರೇ ಮಗಾ ನಾನು."

ಒಪ್ಪದಿದ್ದರೆ ನಾಳೆಯೇ ಯಾರಾದರೂ ಗೂನುಬೆನ್ನಿನವನನ್ನು ಹುಡುಕಿ ಕೊಟ್ಟುಬಿಡುತ್ತೇನೆ ಎಂದ. ಹುಡುಕಿಯೇ ಹುಡುಕುತ್ತಿದ್ದ. ಸಿಂಪಿಗರಿಗೇನು ಬರವೇ? ನಾನು ಆ ಚಳಿಗಾಲ ಕೋಟು ಹಾಕಿಕೊಂಡೆ. ಅವನು ಹಳೆಯ ದುಪ್ಪಟಿ ಹೊದ್ದು ಮಶಿನ್ನು ತುಳಿದ. ಮಾಘದಲ್ಲಿ ಹಾಸಿಗೆ ಹಿಡಿದ. ಅವನ ತಲೆದೆಸೆಯಲ್ಲಿ ನಾನು ಆ ಕೋಟಿನಲ್ಲೇ ಕೂತು ಗಂಜಿ ಕುಡಿಸಿದೆ. ಬಿಚ್ಚಲು ಹೋದರೆ ಬಾಯಿ ಮುಚ್ಚಿಕೊಂಡುಬಿಡುತ್ತಿದ್ದ.

ಮುಂದೆ ಬಂದ ಶ್ರಾವಣದಲ್ಲಿ, ತನ್ನ ಪಾಳಿ ಮುಗಿಯುವ ಮೊದಲೇ, ಅಣ್ಣ ತೀರಿಕೊಂಡ. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಆದ್ದರಿಂದ ಅದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕಿಂತ ಮುಂಚಿನ ಯುಗಾದಿಯದನ್ನು ಹೇಳುತ್ತೇನೆ. ಈಗಲೂ ಪೇಟೆಯಲ್ಲಿ ಹಳಬರು ನನ್ನನ್ನು ಕಂಡರೆ ಅದನ್ನೇ ಎತ್ತುತ್ತಾರೆ.

ಯುಗಾದಿಯ ದಿನ ಅಣ್ಣ ಹಾಸಿಗೆ ಬಿಟ್ಟು ಎದ್ದಿದ್ದ. ಜ್ವರ ಹೋಗಿತ್ತು, ಉಸಿರು ಹಗುರಾಗಿತ್ತು. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡವನೇ, "ಇಂದಿನಿಂದ ನನ್ನ ಪಾಳಿ," ಎಂದು ಕೈ ಚಾಚಿದ. ಕೋಟು ಕೊಟ್ಟೆ. ಕೊರಳಿನ ತನಕ ಎಲ್ಲ ಗುಂಡಿ ಹಾಕಿಕೊಂಡ. ಹಾಕಿಕೊಂಡು, ಪೇಟೆಗೆ ಒಂದು ಸುತ್ತು ಹೋಗಿ ಬರೋಣ ಎಂದ. ಹೊರಗೆ ನಡುಹಗಲಿನ ಬಿಸಿಲು. ನಾಯಿ ಕೂಡ ನೆರಳು ಬಿಟ್ಟು ಏಳುತ್ತಿರಲಿಲ್ಲ. ನಾನು ಛತ್ರಿ ಹಿಡಿದು ಅವನ ಹಿಂದೆ ನಡೆದೆ. ದಪ್ಪ ಉಣ್ಣೆಯೊಳಗೆ ಅಣ್ಣ ಮದುಮಗನ ಗತ್ತಿನಲ್ಲಿ ಹೊರಟ. ಮುಖದಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಕಿರಾಣಿ ಸಾಹುಕಾರರು ಅಂಗಿ ಬಿಚ್ಚಿ ಬೀಸಣಿಗೆ ಹಿಡಿದು ಕೂತಿದ್ದರು. ಅವರಿಗೆ ತಡೆಯಲಾಗಲಿಲ್ಲ. "ಏನ್ರಿ ಇದು, ಇಂಥಾ ಬಿಸಲಾಗ ಉಣ್ಣಿ ಕೋಟ? ಮೈಯಾಗ ಆರಾಮ ಇಲ್ಲೇನ್ರಿ?"

ಅಣ್ಣ ನಿಂತ. ತೋಳಿನಿಂದ ಹಣೆ ಒರೆಸಿಕೊಂಡ. "ಈಗ ಆರಾಮ ಅದೀನ್ರಿ. ಅದಕ್ಕ ಹಾಕ್ಕೊಂಡೇನಿ."

"ಹಂಗಂದ್ರ?"

ಅಣ್ಣ ತಿರುಗಿ ನನ್ನ ಕಡೆ ಬೆರಳು ಮಾಡಿದ, ಇಡೀ ಪೇಟೆಗೆ ಕೇಳಿಸುವ ಹಾಗೆ ಹೇಳಿದ: "ಆರಾಮ ಇಲ್ಲದಾಗ ಹಾಕ್ಕೋಬೇಕಂದ್ರ, ಆವಾಗ ಇದು ಇವನ ಮೈಮ್ಯಾಗ ಇತ್ತು!"

ಪೇಟೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ, ಒಂದು ಸಲವೂ ಕೆಮ್ಮಲಿಲ್ಲ. ನಾನೂ ನಕ್ಕೆ. ಕೈಯಲ್ಲಿ ಛತ್ರಿ ಇದ್ದದ್ದರಿಂದ ಮುಖ ಮರೆ ಮಾಡಿಕೊಳ್ಳಲು ಅನುಕೂಲವಾಯಿತು.